ಕೊಲೆಸ್ಟರಾಲ್ ಔಷಧಿಯೊಡನೆ ಜೀವಸತ್ವದ ಗುಳಿಗೆ: ತಿಳಿದಿರಬೇಕಾದ ಸಂಗತಿಗಳು

ಹೃದಯ ಮತ್ತು ರಕ್ತನಾಳಗಳ ರೋಗಗಳು ನಮ್ಮ ದೇಶದಲ್ಲಿ ಸಾವಿಗೆ ಕಾರಣವಾಗುವ ರೋಗಗಳಲ್ಲಿ ಪ್ರಮುಖವಾದವು. ಇವುಗಳನ್ನು ತಡೆಗಟ್ಟುವ ಸಲುವಾಗಿ ರಕ್ತದಲ್ಲಿನ ಕೊಲೆಸ್ಟರಾಲನ್ನು ತಗ್ಗಿಸುವ ಔಷಧಿಗಳನ್ನು ಇಂದು ಅಸಂಖ್ಯಾತ ಜನರು ಪ್ರತಿದಿನ ಸೇವಿಸುತ್ತಿದ್ದಾರೆ. ಇದೇ ಕಾಲದಲ್ಲಿ ಜೀವಸತ್ವದ ಗುಳಿಗೆಗಳ ಬಳಕೆಯೂ ನಗರ, ಗ್ರಾಮ ಎಂಬ ಭೇದವಿಲ್ಲದೆ ಹೆಚ್ಚುತ್ತಿದೆ. ಒಂದೇ ಮನೆಯ ಕಪಾಟಿನಲ್ಲಿ ಇವೆರಡೂ ಜೊತೆಜೊತೆಯಾಗಿರುವುದು ಈಗ ಸಾಮಾನ್ಯ ದೃಶ್ಯ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದರ ಹಿರಿಯರಿಗೆ ಹಿಂದೊಮ್ಮೆ ಹೃದಯಾಘಾತವಾಗಿದೆ. ವೈದ್ಯರು ಕೊಲೆಸ್ಟರಾಲ್ ತಗ್ಗಿಸುವ ಗುಳಿಗೆಯನ್ನು ಬರೆದುಕೊಟ್ಟಿದ್ದಾರೆ. ವಿದೇಶದಲ್ಲಿರುವ ಮಗ ಜೀವಸತ್ವಗಳ ದೊಡ್ಡ ಡಬ್ಬಿಯೊಂದನ್ನು ತಂದುಕೊಟ್ಟಿದ್ದಾನೆ. ನೆರೆಯವರು ಇನ್ನೊಂದನ್ನು ಹೊಗಳಿದ್ದಾರೆ. ಕೆಲವು ತಿಂಗಳುಗಳ ನಂತರ ಆ ಹಿರಿಯರು, "ಇಷ್ಟೊಂದು ಸತ್ವಗಳು ದೇಹಕ್ಕೆ ಸೇರುತ್ತಿರುವಾಗ ಹಳೆಯ ಗುಳಿಗೆ ಏಕೆ?" ಎಂದು ವೈದ್ಯರು ಕೊಟ್ಟ ಔಷಧಿಯನ್ನೇ ಬಿಟ್ಟುಬಿಡುತ್ತಾರೆ. ಅವರ ಪ್ರಾಣವನ್ನು ಕಾಯುತ್ತಿದ್ದುದು ಬಹುಶಃ ಆ ಹಳೆಯ ಗುಳಿಗೆಯೇ ಆಗಿತ್ತು. ಇಂತಹ ತಪ್ಪು ನಡೆಯದಿರಲೆಂಬುದೇ ಈ ಲೇಖನದ ಉದ್ದೇಶ.

ಕೊಲೆಸ್ಟರಾಲ್ ಮತ್ತು ಅದರ ಔಷಧಿಗಳು

ಕೊಲೆಸ್ಟರಾಲ್ ಎಂಬುದು ವಿಷವಲ್ಲ. ಜೀವಕೋಶಗಳ ಪೊರೆಗೆ, ಕೆಲವು ಹಾರ್ಮೋನುಗಳ ತಯಾರಿಕೆಗೆ, ಪಿತ್ತರಸಕ್ಕೆ ಅದು ಬೇಕೇಬೇಕು. ದೇಹಕ್ಕೆ ಬೇಕಾದ ಕೊಲೆಸ್ಟರಾಲಿನ ಹೆಚ್ಚಿನ ಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಇದರಲ್ಲಿ ಪಿತ್ತಜನಕಾಂಗದ ಪಾತ್ರ ದೊಡ್ಡದು. ರಕ್ತದಲ್ಲಿ ಎಲ್‌ಡಿಎಲ್ ಎಂಬ ಬಗೆಯ ಕೊಲೆಸ್ಟರಾಲ್ ದೀರ್ಘಕಾಲ ಹೆಚ್ಚಾಗಿ ಉಳಿದಾಗ ಅದು ರಕ್ತನಾಳಗಳ ಒಳಗೋಡೆಯಲ್ಲಿ ಶೇಖರವಾಗಿ, ನಾಳವನ್ನು ಕಿರಿದಾಗಿಸಿ, ಹೃದಯಾಘಾತ ಮತ್ತು ಪಾರ್ಶ್ವವಾಯುವಿಗೆ ದಾರಿ ಮಾಡುತ್ತದೆ.

ಈ ಎಲ್‌ಡಿಎಲನ್ನು ತಗ್ಗಿಸುವ ಔಷಧಿಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಲ್ಲಿರುವವು ಸ್ಟ್ಯಾಟಿನ್ ವರ್ಗದವು. 1970ರ ದಶಕದಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಎಂಡೋ ಅವರು ಒಂದು ಬೂಷ್ಟಿನಿಂದ ಈ ವರ್ಗದ ಮೊದಲ ವಸ್ತುವನ್ನು ಬೇರ್ಪಡಿಸಿದರು. 1987ರಲ್ಲಿ ಲೊವಾಸ್ಟ್ಯಾಟಿನ್ ಎಂಬ ಔಷಧಿಗೆ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು. ನಮ್ಮಲ್ಲಿ ಈಗ ಅಟೊರ್ವಾಸ್ಟ್ಯಾಟಿನ್ ಮತ್ತು ರೊಸುವಾಸ್ಟ್ಯಾಟಿನ್ ಹೆಚ್ಚಾಗಿ ಬಳಕೆಯಲ್ಲಿವೆ. ಪಿತ್ತಜನಕಾಂಗದಲ್ಲಿ ಕೊಲೆಸ್ಟರಾಲ್ ತಯಾರಾಗುವ ಒಂದು ಮುಖ್ಯ ಹಂತವನ್ನು ಇವು ತಡೆಯುತ್ತವೆ. ಆಗ ಪಿತ್ತಜನಕಾಂಗವು ತನ್ನ ಕೊರತೆಯನ್ನು ನೀಗಿಸಿಕೊಳ್ಳಲು ರಕ್ತದಿಂದ ಎಲ್‌ಡಿಎಲನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂನಷ್ಟು ಇಳಿದರೆ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅಪಾಯಗಳು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತವೆ ಎಂಬುದು ಅನೇಕ ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಖಚಿತವಾಗಿರುವ ಸಂಗತಿ.

ಎಜೆಟಿಮೈಬ್, ಫೆನೊಫೈಬ್ರೇಟ್, ಕೊಲೆಸ್ಟಿರಮಿನ್ ಮುಂತಾದ ಬೇರೆ ಔಷಧಿಗಳೂ ಇವೆ. ಇವು ಒಂದೊಂದೂ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತವೆ. ಆದುದರಿಂದ ಜೀವಸತ್ವಗಳೊಡನೆ ಇವುಗಳ ಸಂಬಂಧವೂ ಒಂದೇ ತೆರನಾದುದಲ್ಲ.

ಹೈದರಾಬಾದಿನಿಂದ ಒಂದು ಪಾಠ

ಜೀವಸತ್ವವು ಯಾವಾಗ ಅಮೃತ, ಯಾವಾಗ ಔಷಧಿ, ಯಾವಾಗ ಅನಗತ್ಯ ಎಂಬುದನ್ನು ಅರಿಯಲು ಹೈದರಾಬಾದಿನಲ್ಲೇ ಒಂದು ಉತ್ತಮ ನಿದರ್ಶನವಿದೆ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಸಮೀಪದಲ್ಲಿರುವ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದುದು. 1918ರಲ್ಲಿ ಸರ್ ರಾಬರ್ಟ್ ಮೆಕ್ಯಾರಿಸನ್ ಅವರು ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಪುಟ್ಟ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬೆರಿಬೆರಿಯು ಥಯಮಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ರೋಗ. ಹೀಗೆ ಈ ಸಂಸ್ಥೆಯ ಹುಟ್ಟೇ ಜೀವಸತ್ವದ ಕೊರತೆಯ ಅಧ್ಯಯನದೊಡನೆ ಬೆಸೆದುಕೊಂಡಿದೆ.

ದಖ್ಖನಿನ ಜೋಳ ಉಣ್ಣುವ ಬಡ ಜನರಲ್ಲಿ ಆಗ ಪೆಲ್ಲಾಗ್ರ ಎಂಬ ರೋಗ ಕಂಡುಬರುತ್ತಿತ್ತು. ಬಿಸಿಲು ತಾಗುವ ಕುತ್ತಿಗೆ, ಕೈಕಾಲುಗಳ ಚರ್ಮ ಕಪ್ಪಾಗಿ ಒರಟಾಗುವುದು, ಅತಿಸಾರ, ಮನಸ್ಸಿನ ಅಸ್ವಸ್ಥತೆ ಇದರ ಲಕ್ಷಣಗಳು. ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆಯೇ ಇದಕ್ಕೆ ಕಾರಣ. ಹೈದರಾಬಾದಿನ ಸಂಸ್ಥೆಯಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಮುಖ್ಯವಾದ ವಿಚಾರವೊಂದನ್ನು ಮುಂದಿಟ್ಟರು. ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲದ ಆಧಿಕ್ಯವು ದೇಹದಲ್ಲಿ ನಯಾಸಿನ್‌ನ ಸಮತೋಲನವನ್ನು ಕೆಡಿಸಬಹುದು ಎಂಬುದೇ ಆ ವಿಚಾರ. ಈ ವಾದದ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದಿದೆ. ಆದರೆ ಗಂಜಿಗೂ ಕೊರತೆಯಿದ್ದ ದಿನಗಳಲ್ಲಿ ಜೋಳವೊಂದನ್ನೇ ನೆಚ್ಚಿದವರಿಗೆ ರೋಗ ಬರುತ್ತಿತ್ತು, ಊಟದಲ್ಲಿ ಬೇಳೆ, ಹಾಲು, ಸೊಪ್ಪು ಬೆರೆತಂತೆ ಅದು ಹಿಂದೆ ಸರಿಯಿತು ಎಂಬುದರಲ್ಲಿ ಸಂಶಯವಿಲ್ಲ. ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಶೇಂಗಾ ಹಿಂಡಿಯನ್ನು ಬಡಿಸುವ ವಾಡಿಕೆಯಿದೆ. ಶೇಂಗಾ ನಯಾಸಿನ್‌ನ ಉತ್ತಮ ಮೂಲಗಳಲ್ಲಿ ಒಂದು ಎಂಬುದನ್ನು ನೆನೆದಾಗ ಆ ವಾಡಿಕೆಯ ಹಿಂದಿನ ವಿವೇಕ ಮನದಟ್ಟಾಗುತ್ತದೆ.

ಅದೇ ಜೀವಸತ್ವ ಔಷಧಿಯಾದಾಗ

ಪೆಲ್ಲಾಗ್ರವನ್ನು ತಡೆಯಲು ದಿನಕ್ಕೆ ಸುಮಾರು ಹದಿನೈದು ಮಿಲಿಗ್ರಾಂ ಆಸುಪಾಸಿನ ನಯಾಸಿನ್ ಸಾಕು. 1955ರಲ್ಲಿ ಕೆನಡಾದ ಸಂಶೋಧಕರು ಇದೇ ನಯಾಸಿನ್‌ನ ಒಂದು ರೂಪವನ್ನು ಗ್ರಾಂಗಳ ಪ್ರಮಾಣದಲ್ಲಿ ಕೊಟ್ಟಾಗ ರಕ್ತದ ಕೊಲೆಸ್ಟರಾಲ್ ಇಳಿಯುವುದನ್ನು ಕಂಡುಕೊಂಡರು. ಅಂದರೆ ಆಹಾರದಲ್ಲಿ ಬೇಕಾದುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು. ಆ ಪ್ರಮಾಣದಲ್ಲಿ ಅದು ಜೀವಸತ್ವವಾಗಿ ಉಳಿಯಲಿಲ್ಲ, ಔಷಧಿಯಾಯಿತು. ಔಷಧಿಗಿರುವ ಅಡ್ಡಪರಿಣಾಮಗಳೂ ಅದರ ಬೆನ್ನಿಗೆ ಬಂದವು: ಮೈ ಮುಖ ಕೆಂಪಾಗಿ ಉರಿಯುವುದು, ರಕ್ತದ ಸಕ್ಕರೆ ಏರುವುದು, ಪಿತ್ತಜನಕಾಂಗಕ್ಕೆ ತೊಂದರೆ.

ಸ್ಟ್ಯಾಟಿನ್ ಬಂದ ಮೇಲೆ, ಅದರೊಡನೆ ನಯಾಸಿನ್ ಸೇರಿಸಿದರೆ ಇನ್ನೂ ಹೆಚ್ಚಿನ ರಕ್ಷಣೆ ದೊರೆಯಬಹುದೆಂಬ ನಿರೀಕ್ಷೆ ದೀರ್ಘಕಾಲ ಇತ್ತು. ಇದನ್ನು ಪರೀಕ್ಷಿಸಲು ನಡೆದ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ನಿರಾಶೆ ತಂದಿತು. 3,414 ರೋಗಿಗಳು ಭಾಗವಹಿಸಿದ್ದ ಅಮೆರಿಕದ ಅಧ್ಯಯನವನ್ನು ಪ್ರಯೋಜನ ಕಾಣದೆ 2011ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಬ್ರಿಟನ್, ಸ್ಕ್ಯಾಂಡಿನೇವಿಯಾ ಮತ್ತು ಚೀನಾದ 25,673 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಯಾಸಿನನ್ನು ಅದರ ಉರಿಯನ್ನು ತಗ್ಗಿಸುವ ಇನ್ನೊಂದು ಔಷಧಿಯೊಡನೆ ಕೊಡಲಾಗಿತ್ತು. ಅಲ್ಲಿಯೂ ಹೃದಯಾಘಾತಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ. ಬದಲಿಗೆ ಮಧುಮೇಹ, ರಕ್ತಸ್ರಾವ, ಸೋಂಕು ಮತ್ತು ಸ್ನಾಯುಗಳ ತೊಂದರೆ ಹೆಚ್ಚಿದವು. ಸ್ಟ್ಯಾಟಿನ್‌ನೊಡನೆ ನಯಾಸಿನ್ ಬಳಸಲು ಕೊಟ್ಟಿದ್ದ ಮಾನ್ಯತೆಯನ್ನು ಅಮೆರಿಕದ ಔಷಧಿ ಆಡಳಿತವು 2016ರಲ್ಲಿ ಹಿಂತೆಗೆದುಕೊಂಡಿತು.

ಇದರಿಂದ ಸಾಮಾನ್ಯ ಓದುಗರು ತಿಳಿಯಬೇಕಾದುದು ಇಷ್ಟು. ಬಹುಜೀವಸತ್ವದ ಗುಳಿಗೆಯಲ್ಲಿ ಕೆಲವು ಮಿಲಿಗ್ರಾಂ ನಯಾಸಿನ್ ಇದ್ದರೆ ಆತಂಕಪಡಬೇಕಾಗಿಲ್ಲ. ಆದರೆ ಕೊಲೆಸ್ಟರಾಲ್ ಇಳಿಸುವ ಉದ್ದೇಶದಿಂದ ನೂರಾರು ಮಿಲಿಗ್ರಾಂ ನಯಾಸಿನನ್ನು ತಾವಾಗಿಯೇ ಕೊಂಡು ಸೇವಿಸುವುದು ಅಪಾಯಕರ.

ಇ, ಸಿ ಮತ್ತು ಬೀಟಾ ಕ್ಯಾರೊಟಿನ್

ರಕ್ತನಾಳಗಳಲ್ಲಿ ಕೊಬ್ಬು ಉತ್ಕರ್ಷಣಗೊಂಡು ಹಾನಿಯುಂಟುಮಾಡುತ್ತದೆ. ಆದ್ದರಿಂದ ಉತ್ಕರ್ಷಣ ನಿರೋಧಕಗಳಾದ ಇ ಮತ್ತು ಸಿ ಜೀವಸತ್ವಗಳು ಹೃದಯವನ್ನು ಕಾಯಬೇಕು ಎಂಬುದು ಕೇಳಲು ಸರಿಯಾಗಿಯೇ ತೋರುವ ತರ್ಕ. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ತರ್ಕವನ್ನು ನೇರವಾಗಿ ಒರೆಗೆ ಹಚ್ಚಿತು. ಪ್ರತಿದಿನ 600 ಮಿಲಿಗ್ರಾಂ ಇ ಜೀವಸತ್ವ, 250 ಮಿಲಿಗ್ರಾಂ ಸಿ ಜೀವಸತ್ವ, 20 ಮಿಲಿಗ್ರಾಂ ಬೀಟಾ ಕ್ಯಾರೊಟಿನನ್ನು ಐದು ವರ್ಷ ಕೊಟ್ಟರೂ ಹೃದಯಾಘಾತವಾಗಲಿ, ಪಾರ್ಶ್ವವಾಯುವಾಗಲಿ, ಸಾವಾಗಲಿ ಕಡಿಮೆಯಾಗಲಿಲ್ಲ. ಅದೇ ಅಧ್ಯಯನದಲ್ಲಿ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳಗಳ ದೊಡ್ಡ ಅಪಾಯಗಳು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ತಗ್ಗಿದವು. ಒಂದೇ ಜನಸಮೂಹದಲ್ಲಿ, ಒಂದೇ ಅವಧಿಯಲ್ಲಿ ಜೀವಸತ್ವ ಮತ್ತು ಔಷಧಿ ಎರಡನ್ನೂ ತೂಗಿ ನೋಡಿದ ಫಲಿತಾಂಶ ಇದು. ಔಷಧಿಯ ಸ್ಥಾನವನ್ನು ಜೀವಸತ್ವ ತುಂಬಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಾಗಿಲ್ಲ.

2001ರಲ್ಲಿ ಪ್ರಕಟವಾದ, 160 ರೋಗಿಗಳ ಸಣ್ಣ ಅಧ್ಯಯನವೊಂದರಲ್ಲಿ ಸಿಮ್ವಾಸ್ಟ್ಯಾಟಿನ್ ಮತ್ತು ನಯಾಸಿನ್ ಜೊತೆಗೆ ಈ ನಿರೋಧಕಗಳನ್ನು ಕೊಟ್ಟಾಗ ಎಚ್‌ಡಿಎಲ್ ಎಂಬ ಹಿತಕರ ಕೊಲೆಸ್ಟರಾಲಿನ ಏರಿಕೆ ಕುಂಠಿತವಾದದ್ದೂ ಕಂಡುಬಂದಿದೆ. ಧೂಮಪಾನಿಗಳಿಗೆ ಮತ್ತೊಂದು ಎಚ್ಚರಿಕೆ ಅಗತ್ಯ: 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಗುಳಿಗೆ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಇದು ಗುಳಿಗೆಯ ಮಾತು. ಗಜ್ಜರಿ, ಪಪ್ಪಾಯಿ, ನುಗ್ಗೆಸೊಪ್ಪಿಗೆ ಹೆದರಬೇಕಾದ ಕಾರಣವಿಲ್ಲ. ನೆಲ್ಲಿಕಾಯಿ, ಸೀಬೆ, ನಿಂಬೆಗಳಿಂದ ದೊರೆಯುವ ಸಿ ಜೀವಸತ್ವವೂ ಹಾಗೆಯೇ.

ಸ್ನಾಯು ನೋವು, ಡಿ ಜೀವಸತ್ವ ಮತ್ತು ಕೋಎಂಜೈಮ್

ಸ್ಟ್ಯಾಟಿನ್ ಸೇವಿಸುವವರು ಹೇಳಿಕೊಳ್ಳುವ ಸಾಮಾನ್ಯ ದೂರು ಮೈಕೈ ನೋವು. ಔಷಧಿಯನ್ನು ನಿಲ್ಲಿಸಲು ಬಹಳ ಮಂದಿ ಕೊಡುವ ಕಾರಣವೂ ಇದೇ. ಈ ನೋವು ಸುಳ್ಳಲ್ಲ. ಆದರೆ ಅದಕ್ಕೆಲ್ಲ ಔಷಧಿಯೇ ಕಾರಣವೆನ್ನಲಾಗದು. 2022ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳ ಒಟ್ಟು ವಿಶ್ಲೇಷಣೆಯ ಪ್ರಕಾರ, ಸ್ಟ್ಯಾಟಿನ್ ಸೇವಿಸುವವರಲ್ಲಿ ಕಾಣುವ ಸ್ನಾಯು ನೋವಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ರಸಂಗಗಳಿಗೆ ಆ ಔಷಧಿ ಕಾರಣವಾಗಿರಲಿಲ್ಲ. ವಯಸ್ಸು, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಅತಿಯಾದ ಶ್ರಮ, ಜೊತೆಗೆ ಸೇವಿಸುವ ಬೇರೆ ಔಷಧಿಗಳು ಕೂಡ ನೋವು ತರಬಲ್ಲವು.

ಡಿ ಜೀವಸತ್ವ ಸೇವಿಸಿದರೆ ಈ ನೋವು ಬರುವುದಿಲ್ಲವೆಂಬ ನಂಬಿಕೆ ಕೆಲವರಲ್ಲಿದೆ. ಸ್ಟ್ಯಾಟಿನನ್ನು ಹೊಸದಾಗಿ ಆರಂಭಿಸಿದವರಲ್ಲಿ ಇದನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಡಿ ಜೀವಸತ್ವ ಪಡೆದವರಿಗೂ ಪಡೆಯದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮ ದೇಶದಲ್ಲಿ ಬಿಸಿಲು ಧಾರಾಳವಾಗಿದ್ದರೂ ಡಿ ಜೀವಸತ್ವದ ಕೊರತೆ ವ್ಯಾಪಕವಾಗಿದೆ. ಕೊರತೆಯಿದೆಯೆಂದು ಪರೀಕ್ಷೆಯಿಂದ ತಿಳಿದರೆ ಮೂಳೆಗಳ ಹಿತಕ್ಕಾಗಿ ಅದನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟೇ ಕಾಲ ಸೇವಿಸಬೇಕು. ವಾರಕ್ಕೊಮ್ಮೆ ಸೇವಿಸಬೇಕಾದ ಹೆಚ್ಚಿನ ಪ್ರಮಾಣದ ಗುಳಿಗೆಯನ್ನು ತಪ್ಪು ತಿಳಿವಳಿಕೆಯಿಂದ ದಿನವೂ ಸೇವಿಸಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡಗಳಿಗೆ ಹಾನಿಯಾಗಬಹುದು.

ಕೋಎಂಜೈಮ್ ಕ್ಯೂ ಹತ್ತು ಎಂಬುದು ಜೀವಸತ್ವವಲ್ಲ. ದೇಹವೇ ತಯಾರಿಸುವ ವಸ್ತು. ಕೊಲೆಸ್ಟರಾಲ್ ತಯಾರಾಗುವ ದಾರಿಯ ಒಂದು ಕವಲಿನಲ್ಲೇ ಅದೂ ತಯಾರಾಗುವುದರಿಂದ ಸ್ಟ್ಯಾಟಿನ್ ಸೇವಿಸುವವರ ರಕ್ತದಲ್ಲಿ ಅದರ ಮಟ್ಟ ಇಳಿಯುವುದು ನಿಜ. ಆದರೆ ಅದನ್ನು ಗುಳಿಗೆಯಾಗಿ ಸೇವಿಸಿದರೆ ಸ್ನಾಯು ನೋವು ಶಮನವಾಗುತ್ತದೆಯೇ ಎಂಬ ಬಗ್ಗೆ ನಡೆದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಆದ್ದರಿಂದ ಎಲ್ಲರಿಗೂ ಅದನ್ನು ಶಿಫಾರಸು ಮಾಡುವುದಿಲ್ಲ.

ಯಾವಾಗ ಜೀವಸತ್ವ ನಿಜವಾಗಿ ಅವಶ್ಯ?

ಸ್ಟ್ಯಾಟಿನ್ ದೇಹದ ಜೀವಸತ್ವಗಳನ್ನೆಲ್ಲ ಬರಿದುಮಾಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಆದರೆ ಕೊಲೆಸ್ಟಿರಮಿನ್‌ನಂತಹ ಔಷಧಿಗಳ ವಿಷಯ ಬೇರೆ. ಅವು ಕರುಳಿನಲ್ಲಿ ಪಿತ್ತಾಮ್ಲಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೊಬ್ಬಿನಲ್ಲಿ ಕರಗುವ ಎ, ಡಿ, ಇ, ಕೆ ಜೀವಸತ್ವಗಳು ಹಾಗೂ ಫೋಲಿಕ್ ಆಮ್ಲ ದೇಹಕ್ಕೆ ಸರಿಯಾಗಿ ಸೇರದಿರಬಹುದು. ಇಂತಹ ಔಷಧಿಯನ್ನು ದೀರ್ಘಕಾಲ ಸೇವಿಸುವವರಿಗೆ ಜೀವಸತ್ವಗಳನ್ನು ವೈದ್ಯರೇ ಸೂಚಿಸುತ್ತಾರೆ. ಬೇರೆ ಯಾವುದೇ ಗುಳಿಗೆಯನ್ನು ಇದಕ್ಕಿಂತ ಒಂದು ಗಂಟೆ ಮೊದಲು ಅಥವಾ ನಾಲ್ಕರಿಂದ ಆರು ಗಂಟೆಗಳ ನಂತರ ಸೇವಿಸುವುದು ವಾಡಿಕೆ.

ಕೊಲೆಸ್ಟರಾಲ್ ಔಷಧಿ ಸೇವಿಸುವ ಅನೇಕರಿಗೆ ಮಧುಮೇಹವೂ ಇರುತ್ತದೆ. ಮಧುಮೇಹಕ್ಕೆ ಬಳಸುವ ಮೆಟ್‌ಫಾರ್ಮಿನ್ ಬಹುಕಾಲದ ಬಳಕೆಯಲ್ಲಿ ಬಿ12 ಜೀವಸತ್ವವನ್ನು ತಗ್ಗಿಸಬಲ್ಲದು. ಶುದ್ಧ ಸಸ್ಯಾಹಾರಿಗಳಲ್ಲಿ ಈ ಜೀವಸತ್ವ ಮೊದಲೇ ಕಡಿಮೆಯಿರುವ ಸಂಭವ ಹೆಚ್ಚು. ಕೈಕಾಲು ಜೋಮು ಹಿಡಿಯುವುದು, ರಕ್ತಹೀನತೆ, ಮರೆವು ಕಂಡುಬಂದಾಗ ಅದನ್ನು ಸ್ಟ್ಯಾಟಿನ್‌ನ ದೋಷವೆಂದು ಭಾವಿಸಿ ಆ ಔಷಧಿಯನ್ನು ಬಿಡುವ ಬದಲು ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ.

ಎಚ್ಚರ ಬೇಕಾದ ಇತರ ಸಂದರ್ಭಗಳು

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುವವರು ಕೆ ಜೀವಸತ್ವವಿರುವ ಗುಳಿಗೆಯನ್ನು ವೈದ್ಯರಿಗೆ ತಿಳಿಸದೆ ಆರಂಭಿಸಬಾರದು, ಹಠಾತ್ತನೆ ನಿಲ್ಲಿಸಲೂ ಬಾರದು. ಹೊಟ್ಟೆಯುರಿಗಾಗಿ ಬಳಸುವ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಇರುವ ಆಮ್ಲಶಾಮಕವು ರೊಸುವಾಸ್ಟ್ಯಾಟಿನ್‌ನ ರಕ್ತದ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಆದ್ದರಿಂದ ರೊಸುವಾಸ್ಟ್ಯಾಟಿನ್ ಸೇವಿಸಿ ಎರಡು ಗಂಟೆಗಳ ನಂತರವೇ ಆಮ್ಲಶಾಮಕವನ್ನು ತೆಗೆದುಕೊಳ್ಳಬೇಕು.

ಕೂದಲು, ಉಗುರುಗಳ ಸೊಬಗಿಗಾಗಿ ಸೇವಿಸುವ ಬಯೊಟಿನ್ ಕೊಲೆಸ್ಟರಾಲ್ ಔಷಧಿಗೆ ತೊಡಕಾಗದಿದ್ದರೂ, ಹೆಚ್ಚಿನ ಪ್ರಮಾಣದಲ್ಲಿ ಅದು ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿಸಬಲ್ಲದು. ಹೃದಯಾಘಾತವನ್ನು ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆಯೂ ಇವುಗಳಲ್ಲಿ ಸೇರಿದೆ. ರಕ್ತ ಕೊಡುವ ಮುನ್ನ ಈ ಸಂಗತಿಯನ್ನು ತಿಳಿಸಬೇಕು.

ಕೆಂಪು ಬೂಷ್ಟಿನ ಅಕ್ಕಿಯಿಂದ ತಯಾರಾದ ಗುಳಿಗೆಗಳು "ಸ್ವಾಭಾವಿಕ" ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವುಗಳಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೊವಾಸ್ಟ್ಯಾಟಿನ್ ಎಂಬ ಔಷಧಿಯೇ. ಸ್ಟ್ಯಾಟಿನ್ ಸೇವಿಸುವವರು ಇದನ್ನೂ ಸೇವಿಸಿದರೆ ತಿಳಿಯದೆ ಎರಡು ಪಟ್ಟು ಔಷಧಿ ಸೇವಿಸಿದಂತಾಗುತ್ತದೆ. 2024ರಲ್ಲಿ ಜಪಾನಿನಲ್ಲಿ ಇಂತಹ ಒಂದು ಉತ್ಪನ್ನವನ್ನು ಬಳಸಿದವರಲ್ಲಿ ಮೂತ್ರಪಿಂಡದ ತೊಂದರೆಗಳು ವರದಿಯಾಗಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಸ್ವಾಭಾವಿಕವಾದುದೆಲ್ಲ ನಿರಪಾಯಕರವಲ್ಲ.

ಡಬ್ಬಿಯ ಮೇಲಿನ ಬರಹ

ಪೂರಕ ಆಹಾರವಾಗಿ ಮಾರಾಟವಾಗುವ ಜೀವಸತ್ವದ ಗುಳಿಗೆಗಳು ನಮ್ಮ ದೇಶದಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳಿಗೆ ಒಳಪಟ್ಟಿವೆ. ಡಬ್ಬಿಯ ಮೇಲೆ ಪ್ರಾಧಿಕಾರದ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ, ಒಂದು ಗುಳಿಗೆಯಲ್ಲಿ ಯಾವ ಜೀವಸತ್ವ ಎಷ್ಟಿದೆ, ಅವಧಿ ಮುಗಿಯುವ ದಿನಾಂಕ ಯಾವುದು ಎಂಬುದನ್ನು ಓದಿ ನೋಡಬೇಕು. ಎರಡು ಬೇರೆ ಹೆಸರಿನ ಡಬ್ಬಿಗಳಲ್ಲಿ ಒಂದೇ ಜೀವಸತ್ವ ಇರುವುದೂ ಉಂಟು. ಆಗ ಎರಡರ ಪ್ರಮಾಣವನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಭಾರತೀಯರ ಆಹಾರ ಮಾರ್ಗಸೂಚಿಗಳು ಒತ್ತಿ ಹೇಳುವುದೂ ವೈವಿಧ್ಯಮಯ ಸಮತೋಲನ ಆಹಾರದ ಮಹತ್ವವನ್ನೇ. ಧಾನ್ಯ, ಬೇಳೆ, ಸೊಪ್ಪು, ತರಕಾರಿ, ಹಣ್ಣು, ಹಾಲು, ಎಣ್ಣೆಕಾಳುಗಳು ಹಿತಮಿತವಾಗಿ ಬೆರೆತ ಊಟದಿಂದ ಆರೋಗ್ಯವಂತರಿಗೆ ಬೇಕಾದ ಜೀವಸತ್ವಗಳಲ್ಲಿ ಬಹುಪಾಲು ದೊರೆಯುತ್ತವೆ.

ನೆನಪಿಡಬೇಕಾದ ಅಂಶಗಳು

1. ಜೀವಸತ್ವದ ಗುಳಿಗೆ ಕೊಲೆಸ್ಟರಾಲ್ ಔಷಧಿಗೆ ಬದಲಿಯಲ್ಲ. ವೈದ್ಯರನ್ನು ಕೇಳದೆ ಔಷಧಿಯನ್ನು ನಿಲ್ಲಿಸಬಾರದು.

2. ಪರೀಕ್ಷೆಯಿಂದ ಕೊರತೆ ತಿಳಿದುಬಂದ ಜೀವಸತ್ವವನ್ನು ಸೂಚಿಸಿದ ಪ್ರಮಾಣದಲ್ಲಿ ಮಾತ್ರ ಸೇವಿಸಬೇಕು.

3. ವೈದ್ಯರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ, ಪುಡಿ, ಲೇಹ್ಯ, ಕಷಾಯಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಬೇಕು. ಆಯುರ್ವೇದ, ಯುನಾನಿ ಔಷಧಿಗಳನ್ನೂ ಮರೆಮಾಚಬಾರದು.

4. ತೀವ್ರವಾದ ಸ್ನಾಯು ನೋವು ಅಥವಾ ನಿಶ್ಶಕ್ತಿ, ಕಡುಕಂದು ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

5. ಗರ್ಭಿಣಿಯರು ಮತ್ತು ಗರ್ಭಧಾರಣೆಯನ್ನು ಬಯಸುವವರು ಸ್ಟ್ಯಾಟಿನ್ ಬಗ್ಗೆ ಮುಂಚಿತವಾಗಿಯೇ ವೈದ್ಯರೊಡನೆ ಚರ್ಚಿಸಬೇಕು.

6. ಔಷಧಿ ಸೇವಿಸುತ್ತಿದ್ದರೂ ಮಿತ ಆಹಾರ, ನಿತ್ಯ ನಡಿಗೆ ಮತ್ತು ತಂಬಾಕಿನ ತ್ಯಾಗವನ್ನು ಕೈಬಿಡಬಾರದು.

ದಖ್ಖನಿನ ಬಡ ರೈತನಿಗೆ ಹಿಂದೆ ಕೆಲವೇ ಮಿಲಿಗ್ರಾಂ ನಯಾಸಿನ್ ದೊರೆಯದೆ ರೋಗ ಬಂದಿತು. ಅದೇ ನಯಾಸಿನನ್ನು ನೂರು ಪಟ್ಟು ಸೇವಿಸಿದ ಇಂದಿನ ಹೃದ್ರೋಗಿಗೆ ಲಾಭವಾಗಲಿಲ್ಲ. ಕೊರತೆಯನ್ನು ನೀಗಿಸುವುದು ಚಿಕಿತ್ಸೆ. ಕೊರತೆಯಿಲ್ಲದವರು ಮೇಲೆ ಮೇಲೆ ಸೇವಿಸುವುದರಿಂದ ಹಣ ವ್ಯರ್ಥವಾಗುವುದಲ್ಲದೆ ಕೆಲವೊಮ್ಮೆ ಆರೋಗ್ಯವೂ ಕೆಡುತ್ತದೆ. ಮೇಲೆ ಊಹಿಸಿಕೊಂಡ ಹಿರಿಯರು ತಮ್ಮ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ವೈದ್ಯರ ಮುಂದಿಟ್ಟಿದ್ದರೆ, ಯಾವುದು ಉಳಿಯಬೇಕು, ಯಾವುದು ಬೇಡ ಎಂಬುದು ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗುತ್ತಿತ್ತು. ಪ್ರತಿಯೊಂದು ಕುಟುಂಬವೂ ತನ್ನ ಮನೆಯ ಹಿರಿಯರಿಗಾಗಿ ಇಷ್ಟನ್ನು ಮಾಡುವುದು ಕಷ್ಟವೇನಲ್ಲ.